ಶಾಲೆಯಲ್ಲಿ ಬರೆಸಿದ ಹೆಸರು ಬಿಟ್ಟು ಎಲ್ಲರೂ ಕರೆಯುವ ಹೆಸರಿಗೆ ಬರಬೇಕು, ಎಲ್ಲಿಂದ ಶುರು ಮಾಡಲಿ?

ಪುಟ್ಟ ಎಂ.

ಎಲ್ಲರಿಗೂ ನಮಸ್ಕಾರ. ನನಗೆ 34 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ನನ್ನನ್ನು ಒಂದನೇ ಕ್ಲಾಸಿಗೆ ಸೇರಿಸಲು ಅಜ್ಜ ಕರೆದುಕೊಂಡು ಹೋಗಿದ್ದರಂತೆ. ಮೇಷ್ಟ್ರು ಹುಡುಗನ ಹೆಸರು ಕೇಳಿದರು. ಅಜ್ಜ ಮನೆಯಲ್ಲಿ ಕರೆಯುವ ಹಾಗೆ "ಪುಟ್ಟ" ಅಂದರು. ಮೇಷ್ಟ್ರು ಬರೆದುಕೊಂಡರು. ಅಪ್ಪನಿಗೆ ಇದು ಗೊತ್ತಾಗಿದ್ದು ನಾನು ನಾಲ್ಕನೇ ಕ್ಲಾಸಿಗೆ ಬಂದಾಗ. "ಇರಲಿ ಬಿಡು, ಮುಂದೆ ನೋಡೋಣ" ಅಂದರಂತೆ. ಆ ಮುಂದೆ ಅನ್ನೋದು ಈಗ ಬಂದಿದೆ.

ಅಪ್ಪ ಅಮ್ಮ ಇಟ್ಟ ಹೆಸರು ಪ್ರದೀಪ. ಗೆಳೆಯರ ನಡುವೆ, ಆಫೀಸಿನ ಊಟದ ಟೇಬಲ್ಲಿನಲ್ಲಿ, ಮದುವೆ ಕಾಗದದಲ್ಲಿ ಎಲ್ಲ ಕಡೆ ಪ್ರದೀಪನೇ. ಆದರೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಡಿಗ್ರಿ, ಆಧಾರ್, ಪಾನ್, ಬ್ಯಾಂಕ್ ಖಾತೆ, ಪಿಎಫ್ ಎಲ್ಲದರಲ್ಲೂ ಪುಟ್ಟ ಎಂ. ಜನನ ಪ್ರಮಾಣಪತ್ರ ಇದೆ, ಅದರಲ್ಲಿ ಮಗುವಿನ ಹೆಸರಿನ ಜಾಗ ಖಾಲಿ.

ಕಳೆದ ತಿಂಗಳು ಆಸ್ಪತ್ರೆಯಲ್ಲಿ ನರ್ಸ್ "ಪುಟ್ಟಾ... ಪುಟ್ಟಾ ಯಾರು?" ಅಂತ ಕೂಗಿದರು. ನಾನು ಎದ್ದು ನಿಂತೆ. ನನ್ನ ಹಿಂದೆ ಮುಂದೆ ನೋಡಿ "ಮಗು ಎಲ್ಲಿ ಸರ್?" ಅಂದರು. ಅವತ್ತೇ ತೀರ್ಮಾನ ಮಾಡಿದೆ.

ಒಬ್ಬ ಏಜೆಂಟ್ "ಒಂದು ಅಫಿಡವಿಟ್ ಮಾಡಿಸಿ, ಮುಗೀತು" ಅಂತಾನೆ. ಇನ್ನೊಬ್ಬ ಗೆಜೆಟ್, ಅಂದರೆ ಸರ್ಕಾರದ ಅಧಿಕೃತ ಪ್ರಕಟಣೆ ಪತ್ರಿಕೆ, ಅದರಲ್ಲಿ ಬರದೆ ಆಗಲ್ಲ ಅಂತಾನೆ. ಗೆಳೆಯನೊಬ್ಬ ಕೋರ್ಟಿಗೇ ಹೋಗಬೇಕು ಅಂತಾನೆ. ಯಾವುದು ಸರಿ?

ನಿವೃತ್ತ ಗುಮಾಸ್ತ

ಮೂವರು ಹೇಳಿದ್ದೂ ಸರಿ. ಆದರೆ ಮೂವರೂ ಅರ್ಧರ್ಧ ಹೇಳಿದ್ದಾರೆ.

ಹೆಸರು ಬದಲಾವಣೆಗೆ ಅಂತಲೇ ನಮ್ಮ ದೇಶದಲ್ಲಿ ಒಂದು ಪ್ರತ್ಯೇಕ ಕಾಯ್ದೆ ಇಲ್ಲ. ರೂಢಿಯಲ್ಲಿ ಇರೋದು ಮೂರು ಹೆಜ್ಜೆ. ಮೊದಲು ಛಾಪಾ ಕಾಗದದ ಮೇಲೆ ಅಫಿಡವಿಟ್: ಇಲ್ಲಿಯವರೆಗೆ ಇಂಥ ಹೆಸರಿನವನು, ಇನ್ನು ಮುಂದೆ ಇಂಥ ಹೆಸರಿನವನು, ಕಾರಣ ಇದು. ನೋಟರಿ ಮುಂದೆ ಸಹಿ. ಆಮೇಲೆ ದಿನಪತ್ರಿಕೆಯಲ್ಲಿ ಜಾಹೀರಾತು. ಸಾಮಾನ್ಯವಾಗಿ ಒಂದು ಇಂಗ್ಲಿಷ್ ಪತ್ರಿಕೆ, ಒಂದು ಕನ್ನಡ ಪತ್ರಿಕೆ. ಕೊನೆಗೆ ಭಾರತ ಸರ್ಕಾರದ ಗೆಜೆಟ್. ಅದನ್ನು ನೋಡಿಕೊಳ್ಳೋದು ದೆಹಲಿಯ ಸಿವಿಲ್ ಲೈನ್ಸ್‌ನಲ್ಲಿರುವ ಪ್ರಕಾಶನ ಇಲಾಖೆ. ವಾರದ ಗೆಜೆಟ್‌ನ ನಾಲ್ಕನೇ ಭಾಗದಲ್ಲಿ ಖಾಸಗಿ ವ್ಯಕ್ತಿಗಳ ಪ್ರಕಟಣೆಗಳು ಬರುತ್ತವೆ. ನಿಮ್ಮದೂ ಅಲ್ಲೇ ಬರೋದು.

ಅಫಿಡವಿಟ್ ಒಂದರಿಂದಲೇ ಮುಗಿಯುತ್ತೆ ಅನ್ನೋ ಏಜೆಂಟನ ಮಾತು ನಂಬಬೇಡಿ. ಅದು ನಿಮ್ಮ ಹೇಳಿಕೆ, ಅಷ್ಟೇ. ಚಿಕ್ಕಪುಟ್ಟ ಕಡೆ ನಡೆಯಬಹುದು. ನಿಮ್ಮ ಹಾಗೆ ಹೆಸರೇ ಪೂರ್ತಿ ಬದಲಾಗುವಾಗ ಆಧಾರ್‌ನವರು ಗೆಜೆಟ್ ಕೇಳುತ್ತಾರೆ.

ಸುಮ್ನೆ ಕೇಳ್ದೆ

ಬೇಜಾರು ಮಾಡ್ಕೋಬೇಡಿ. 34 ವರ್ಷ ಪುಟ್ಟ ಆಗಿ ಬದುಕಿದ್ದೀರಿ. ಈಗ ಹತ್ತು ಆಫೀಸು ಅಲೆಯೋದು ಬೇಕಾ? ನನ್ನ ಸೋದರಮಾವನ ಹೆಸರು ದಾಖಲೆಯಲ್ಲಿ ಒಂದು, ಮನೆಯಲ್ಲಿ ಒಂದು. ಆರಾಮಾಗಿದ್ದಾರೆ.

ಪುಟ್ಟ ಎಂ.

ಬೇಜಾರಿಲ್ಲ ಸರ್. ನಿಮ್ಮ ಮಾವನಿಗೆ ಆಸ್ಪತ್ರೆಯಲ್ಲಿ ಯಾರೂ "ಮಗು ಎಲ್ಲಿ" ಅಂತ ಕೇಳಿಲ್ಲ ಅನ್ಸುತ್ತೆ.

ಕರಿಕೋಟು

ನಾನು ವಕೀಲ. ಒಂದು ವಿಷಯ ಮೊದಲೇ ಬಿಡಿಸಿಕೊಳ್ಳಿ, ಇಲ್ಲದಿದ್ದರೆ ಆರು ತಿಂಗಳು ತಪ್ಪು ದಾರಿಯಲ್ಲಿ ಓಡಾಡುತ್ತೀರಿ. ತಿದ್ದುಪಡಿ ಬೇರೆ, ಬದಲಾವಣೆ ಬೇರೆ.

ಶಾಲೆಯ ದಾಖಲಾತಿ ಪುಸ್ತಕದಲ್ಲಿ ಪ್ರದೀಪ ಅಂತಿದ್ದು, ಅಂಕಪಟ್ಟಿಯಲ್ಲಿ ಪುಟ್ಟ ಅಂತ ಅಚ್ಚಾಗಿದ್ದರೆ ಅದು ತಪ್ಪು. ತಪ್ಪನ್ನು ತಿದ್ದಿ ಅಂತ ಕೇಳೋದು. ಶಾಲೆಯ ಮೂಲಕ ಬೋರ್ಡಿಗೆ ಬರೆಯಬಹುದು. ನಿಮ್ಮದರಲ್ಲಿ ತಪ್ಪೇ ಇಲ್ಲ. ಅಜ್ಜ ಹೇಳಿದ್ದನ್ನೇ ಮೇಷ್ಟ್ರು ಬರೆದಿದ್ದಾರೆ, ಬರೆದದ್ದೇ ಅಚ್ಚಾಗಿದೆ. ದಾಖಲೆಯ ಲೆಕ್ಕದಲ್ಲಿ ನೀವು ಪುಟ್ಟನೇ. ನೀವು ಕೇಳುತ್ತಿರೋದು ಬದಲಾವಣೆ.

ಸುಪ್ರೀಂ ಕೋರ್ಟ್ 2021ರ ಜೂನ್‌ನಲ್ಲಿ ಜಿಗ್ಯಾ ಯಾದವ್ ಪ್ರಕರಣದಲ್ಲಿ ಈ ಗೆರೆಯನ್ನು ಚೆನ್ನಾಗಿ ಎಳೆದಿದೆ. ಹೆಸರು ಅನ್ನೋದು ಸಂವಿಧಾನದ 19(1)(ಎ) ಕೊಡುವ ಅಭಿವ್ಯಕ್ತಿ ಸ್ವಾತಂತ್ರ್ಯದ ಭಾಗ ಅಂತ ಹೇಳಿದೆ. ಜೊತೆಗೆ, ಇಷ್ಟಪಟ್ಟು ಹೊಸ ಹೆಸರು ತೆಗೆದುಕೊಂಡವರು ಪರೀಕ್ಷಾ ಪ್ರಮಾಣಪತ್ರದಲ್ಲೂ ಅದು ಬರಬೇಕು ಅಂದರೆ, ಮೊದಲು ಕೋರ್ಟಿನ ಅನುಮತಿ ಮತ್ತು ಗೆಜೆಟ್ ಪ್ರಕಟಣೆ ತನ್ನಿ ಅಂತ ಬೋರ್ಡು ಕೇಳಬಹುದು ಅಂತಲೂ ಹೇಳಿದೆ. ಆ ತೀರ್ಪು ಬಂದದ್ದು ಸಿಬಿಎಸ್‌ಇ ನಿಯಮಗಳ ಮೇಲೆ. ಬೇರೆ ಬೋರ್ಡುಗಳ ವಿಷಯದಲ್ಲೂ ನಾವು ಅದನ್ನೇ ಮುಂದಿಡುತ್ತೇವೆ.

ನಿಮ್ಮ ಗೆಳೆಯ ಕೋರ್ಟು ಅಂದದ್ದು ಅಂಕಪಟ್ಟಿಯ ಬಗ್ಗೆ ಇರಬೇಕು. ಅದಕ್ಕೆ ಸಿವಿಲ್ ಕೋರ್ಟಿನಲ್ಲಿ ಘೋಷಣೆಯ ದಾವೆ, ಅಂದರೆ ನನ್ನ ಹೆಸರು ಇದೇ ಅಂತ ಕೋರ್ಟೇ ಘೋಷಿಸಲಿ ಅಂತ ಕೇಳುವ ದಾವೆ, ಹಾಕಬೇಕಾಗುತ್ತೆ, 1963ರ ನಿರ್ದಿಷ್ಟ ಪರಿಹಾರ ಕಾಯ್ದೆಯ 34ನೇ ಕಲಂ ಅಡಿ. ಆದರೆ ಕೆಲಸಕ್ಕೆ ಸೇರಿ ಹತ್ತಾರು ವರ್ಷ ಆದವರಿಗೆ ಅಂಕಪಟ್ಟಿ ಬದಲಾಯಿಸಲೇಬೇಕಾ? ಗೆಜೆಟ್ ಪ್ರತಿ ಜೊತೆಗಿಟ್ಟು ತೋರಿಸಿದರೆ ಜಾಸ್ತಿ ಕಡೆ ಸಾಕಾಗುತ್ತೆ. ನಾನಾದರೆ ಅಂಕಪಟ್ಟಿ ಮುಟ್ಟಲ್ಲ.

ಎಚ್ ಇಲ್ಲದ ಗೀತಾ

ಇಲ್ಲೇ ನನ್ನದೂ ಕೇಳಿಬಿಡ್ತೀನಿ. ಅಂಕಪಟ್ಟಿಯಲ್ಲಿ ನನ್ನ ಹೆಸರಿನ "ತ"ಗೆ ಇಂಗ್ಲಿಷಿನಲ್ಲಿ ಬರೀ ಟಿ. ಆಧಾರ್‌ನಲ್ಲಿ ಟಿ, ಎಚ್. ಪಾನ್‌ನಲ್ಲಿ ಟಿ, ಎಚ್, ಜೊತೆಗೆ ಅಪ್ಪನ ಪೂರ್ತಿ ಹೆಸರು. ಪಾಸ್‌ಪೋರ್ಟ್‌ನಲ್ಲಿ ಮತ್ತೆ ಬರೀ ಟಿ. ಕನ್ನಡದಲ್ಲಿ ಬರೆದರೆ ನಾಲ್ಕೂ ಒಂದೇ ಹೆಸರು! ನಾನೂ ಗೆಜೆಟ್ ಮಾಡಿಸಬೇಕಾ?

ಕರಿಕೋಟು

ಬೇಡ ಮೇಡಂ. ನಿಮ್ಮದು ಅಪ್ಪಟ ತಿದ್ದುಪಡಿ. ಒಂದು ದಾಖಲೆಯನ್ನು ತಾಯಿ ದಾಖಲೆ ಅಂತ ಇಟ್ಟುಕೊಳ್ಳಿ. ಅಂಕಪಟ್ಟಿಯೂ ಪಾಸ್‌ಪೋರ್ಟೂ ಒಂದೇ ಥರ ಇರೋದರಿಂದ ಅದನ್ನೇ ಹಿಡಿಯಿರಿ. ಪಾಸ್‌ಪೋರ್ಟ್ ತೋರಿಸಿ ಆಧಾರ್ ತಿದ್ದಿಸಿ. ಆಧಾರ್ ಆದ ಮೇಲೆ ಪಾನ್.

ಎಚ್ಚರ: ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಇಡೀ ಜೀವನದಲ್ಲಿ ಸಿಗೋದು ಎರಡೇ ಸಲ. ಒಂದು ಅಕ್ಷರ ತಿದ್ದಿದರೂ ಅದು ಒಂದು ಸಲವೇ. ಸುಮ್ನೆ ಪ್ರಯೋಗ ಮಾಡಿ ಕಳೆಯಬೇಡಿ.

ನಿವೃತ್ತ ಗುಮಾಸ್ತ

ಗೀತಾ ಮೇಡಂ, ಪಾನ್‌ನಲ್ಲಿ ಅಪ್ಪನ ಹೆಸರು ಸೇರಿಕೊಂಡದ್ದು ನಿಮ್ಮೊಬ್ಬರ ಕಥೆ ಅಲ್ಲ. ಪಾನ್ ಅರ್ಜಿಯಲ್ಲಿ ಇನಿಷಿಯಲ್ ಬರೆಯುವ ಹಾಗಿಲ್ಲ, ಬಿಡಿಸಿ ಬರೆಯಬೇಕು. ನಮ್ಮವರ ಇನಿಷಿಯಲ್‌ನಲ್ಲಿ ಏನೇನಿರುತ್ತೆ? ಒಂದು ಊರು, ಒಂದು ಅಪ್ಪ. ಫಾರಂ ತುಂಬಿಸುವವನು ಕೇಳೋದು "ಸರ್‌ನೇಮ್ ಏನು?" ನಮಗೆ ಸರ್‌ನೇಮೇ ಇಲ್ಲ. ಹಾಗಾಗಿ ಅಪ್ಪನ ಹೆಸರು ಅಲ್ಲಿಗೆ ಹೋಗಿ ಕೂರುತ್ತೆ. ನನ್ನ ಪಾನ್ ಕಾರ್ಡ್ ನೋಡಿದರೆ ಯಾರೋ ನಮ್ಮೂರಿನ ಹೆಸರಿನವರಿಗೆ ನಾನು ದತ್ತು ಹೋದ ಹಾಗಿದೆ.

ದೂರದೂರು

ಸರ್‌ನೇಮ್ ವಿಷಯ ಬಂತಲ್ಲ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಜಾಗ ಖಾಲಿ ಬಿಟ್ಟು ಒಂದೇ ಪದದ ಹೆಸರು ಇಟ್ಟುಕೊಂಡವರು ಹುಷಾರು. 2022ರ ನವೆಂಬರ್‌ನಲ್ಲಿ ಯುಎಇ, ಪಾಸ್‌ಪೋರ್ಟ್‌ನಲ್ಲಿ ಒಂಟಿ ಹೆಸರಿರುವ ಪ್ರವಾಸಿಗಳನ್ನು ಒಳಗೆ ಬಿಡುವುದಿಲ್ಲ ಅಂದಿತ್ತು. ಎರಡನೇ ಪುಟದಲ್ಲಿ ತಂದೆಯ ಹೆಸರೋ ಮನೆತನದ ಹೆಸರೋ ಇದ್ದರೆ ಪರವಾಗಿಲ್ಲ ಅಂತ ಆಮೇಲೆ ಸ್ಪಷ್ಟನೆ ಬಂತು. ಅಮೆರಿಕದ ವೀಸಾದಲ್ಲಿ ನನ್ನ ಗೆಳೆಯನಿಗೆ ಮೊದಲ ಹೆಸರಿನ ಜಾಗದಲ್ಲಿ "ಎಫ್‌ಎನ್‌ಯು" ಅಂತ ಬಂತು. ಮೊದಲ ಹೆಸರು ಗೊತ್ತಿಲ್ಲ ಅಂತ ಅರ್ಥ. ಅವನ ಆಫೀಸಿನಲ್ಲಿ ಆರು ತಿಂಗಳು ಅವನನ್ನು "ಫ್ನು" ಅಂತಲೇ ಕರೆದರು.

ಪುಟ್ಟ ಅವರೇ, ಹೇಗೂ ಬದಲಾಯಿಸುತ್ತಿದ್ದೀರಿ. ಎರಡು ಪದದ ಹೆಸರು ಇಟ್ಟುಕೊಳ್ಳಿ. ಇನಿಷಿಯಲ್ ಬಿಡಿಸಿಯೇ ಬರೆಯಿರಿ. ಇದೊಂದು ಅವಕಾಶ.

ಅಂದ ಹಾಗೆ ಬ್ರಿಟನ್‌ನಲ್ಲಿ ಇದಕ್ಕೆ ಡೀಡ್ ಪೋಲ್ ಅಂತಾರೆ. 16 ದಾಟಿದವರು ತಾವೇ ಒಂದು ಹಾಳೆಯಲ್ಲಿ ಬರೆದು, ಸಾಕ್ಷಿಗಳ ಮುಂದೆ ಸಹಿ ಮಾಡಿದರೂ ನಡೆಯುತ್ತೆ. ಅಮೆರಿಕದಲ್ಲಿ ಹೆಚ್ಚಿನ ಕಡೆ ಕೋರ್ಟಿಗೆ ಅರ್ಜಿ. ನಮ್ಮದು ಎರಡರ ನಡುವೆ ಎಲ್ಲೋ ಇದೆ.

ಮಗುವಿನಮ್ಮ

ನನ್ನ ಮಗಳಿಗೆ ಒಂದೂವರೆ ವರ್ಷ. ಜನನ ಪ್ರಮಾಣಪತ್ರದಲ್ಲಿ ಬರೆಸಿದ ಹೆಸರು ಈಗ ಬೇಡ, ಬೇರೆ ಇಟ್ಟಿದ್ದೇವೆ. ಹೆಸರು ಬದಲಾಯಿಸಲು ಕಾನೂನಿನಲ್ಲಿ ಅವಕಾಶವೇ ಇಲ್ಲ ಅಂತ ವಾಪಸ್ ಕಳಿಸಿದರು. ನಿಜವಾ?

ಕರಿಕೋಟು

ಅರ್ಧ ನಿಜ ಮೇಡಂ. 1969ರ ಜನನ ಮರಣ ನೋಂದಣಿ ಕಾಯ್ದೆಯ 15ನೇ ಕಲಂ ತಪ್ಪಾದ ನಮೂದನ್ನು ತಿದ್ದುವ ಬಗ್ಗೆ ಹೇಳುತ್ತೆ. ಸರಿಯಾಗಿಯೇ ಬರೆಸಿದ ಹೆಸರನ್ನು ಇಷ್ಟಕ್ಕೆ ಬದಲಿಸುವ ಮಾತು ಅದರಲ್ಲಿಲ್ಲ. ಕೌಂಟರಿನಲ್ಲಿ ಅದನ್ನೇ ಹೇಳುತ್ತಾರೆ. ಆದರೆ 2025ರಲ್ಲಿ ಕರ್ನಾಟಕ ಹೈಕೋರ್ಟ್‌ಗೆ ಇಂಥದ್ದೇ ಪ್ರಕರಣ ಬಂತು, ಮಗುವಿಗೆ ಎರಡು ವರ್ಷ. ಕಾಯ್ದೆಗೆ ತಿದ್ದುಪಡಿ ಬರುವವರೆಗೆ ತಂದೆ ತಾಯಿ ಪ್ರಮಾಣ ಮಾಡಿದ ಅಫಿಡವಿಟ್ ಜೊತೆ ಕೋರಿಕೆ ಕೊಡಲಿ, ಅಧಿಕಾರಿಗಳು ಪರಿಶೀಲಿಸಿ ಬದಲಾಯಿಸಲಿ, ರಿಜಿಸ್ಟರಿನಲ್ಲಿ ಹಾಗಂತ ಷರಾ ಬರೆಯಲಿ ಅಂತ ಕೋರ್ಟ್ ಹೇಳಿತು. ಅದರ ಪ್ರತಿ ಹಿಡಿದುಕೊಂಡು ಮತ್ತೊಮ್ಮೆ ಹೋಗಿ. ತಡ ಮಾಡಬೇಡಿ. 2023ರ ಅಕ್ಟೋಬರ್ 1ರಿಂದ ಹುಟ್ಟಿದ ಮಕ್ಕಳಿಗೆ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ದಿನಾಂಕಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಅಲ್ಲಿ ಒಂದು ಹೆಸರು, ಶಾಲೆಯಲ್ಲಿ ಇನ್ನೊಂದು ಹೆಸರು ಆದರೆ ಮುಂದೆ ಅವಳೂ ಇಂಥದ್ದೇ ಪ್ರಶ್ನೆ ಕೇಳಿಕೊಂಡು ಓಡಾಡಬೇಕಾಗುತ್ತೆ.

ಸಂಜೆಗಾಳಿ

ಮದುವೆಯಾದ ಮೇಲೆ ಗಂಡನ ಹೆಸರು ಸೇರಿಸಿಕೊಂಡಿದ್ದೆ. ಈಗ ನಾವು ಜೊತೆಯಲ್ಲಿಲ್ಲ. ತವರಿನ ಹೆಸರಿಗೆ ವಾಪಸ್ ಬರಬೇಕು. ವಾಪಸ್ ಬರೋದಕ್ಕೂ ಇಷ್ಟೆಲ್ಲ ಮಾಡಬೇಕಾ?

ಕರಿಕೋಟು

ಮೊದಲನೆಯದು, ಮದುವೆಯಾದರೆ ಹೆಸರು ಬದಲಾಯಿಸಲೇಬೇಕು ಅಂತ ಯಾವ ಕಾನೂನೂ ಇಲ್ಲ. ತುಂಬ ಜನ ಇದೆ ಅಂದುಕೊಂಡಿದ್ದಾರೆ. ಸೇರಿಸಿಕೊಳ್ಳುವಾಗ ಮದುವೆ ಪ್ರಮಾಣಪತ್ರ ಸಾಕಾಗುತ್ತೆ. ಬಿಡುವಾಗ ವಿಚ್ಛೇದನದ ಆದೇಶ ಇದ್ದರೆ ಅಷ್ಟೇ ಸುಲಭ. ಆದೇಶ ಇನ್ನೂ ಬಂದಿಲ್ಲ ಅಂದರೆ ಕೆಲವು ಕಡೆ ಗಂಡನ ಒಪ್ಪಿಗೆ ಪತ್ರ ಕೇಳುತ್ತಾರೆ. ಇದು ಸರಿಯಲ್ಲ ಅಂತ 2024ರಲ್ಲಿ ಒಬ್ಬರು ದೆಹಲಿ ಹೈಕೋರ್ಟ್‌ಗೆ ಹೋದರು. ನನ್ನ ಅಭಿಪ್ರಾಯ ಕೇಳಿದರೆ, ಸ್ವಂತ ಹೆಸರಿಗೆ ಮರಳಲು ಇನ್ನೊಬ್ಬರ ಸಹಿ ಬೇಕು ಅನ್ನೋದೇ ವಿಚಿತ್ರ.

ಮಕ್ಕಳಿದ್ದರೆ ಒಂದು ಮಾತು. ತಂದೆ ತೀರಿಕೊಂಡ ಮೇಲೆ ಮಗುವಿನ ಉಪನಾಮ ಯಾವುದಿರಬೇಕು ಅಂತ ತೀರ್ಮಾನಿಸುವ ಹಕ್ಕು ಸಹಜ ಪೋಷಕಿಯಾದ ತಾಯಿಗೆ ಇದೆ ಅಂತ ಸುಪ್ರೀಂ ಕೋರ್ಟ್ 2022ರ ಜುಲೈನಲ್ಲಿ ಹೇಳಿದೆ. ನಿಮ್ಮ ಸಂದರ್ಭ ಬೇರೆ, ತಂದೆ ಇದ್ದಾರೆ. ಅಪ್ರಾಪ್ತ ಮಗುವಿನ ಹೆಸರು ಬದಲಿಸಲು ತಂದೆ ತಾಯಿ ಇಬ್ಬರೂ ಸಹಿ ಮಾಡಬೇಕಾಗಿ ಬರುತ್ತೆ. ಮಗುವಿನದನ್ನು ಈಗಲೇ ಮುಟ್ಟಬೇಡಿ, ನಿಮ್ಮದು ಮೊದಲು ಮುಗಿಸಿಕೊಳ್ಳಿ.

ಸಂಜೆಗಾಳಿ

ಥ್ಯಾಂಕ್ಸ್ ಸರ್. ಸೇರಿಸುವಾಗ ಎಲ್ಲರೂ ಫಾರಂ ತಂದುಕೊಟ್ಟಿದ್ದರು. ಈಗ ಒಬ್ಬಳೇ ಸಾಲಿನಲ್ಲಿ ನಿಂತಿದ್ದೇನೆ.

ಪುಟ್ಟ ಎಂ.

ಗುಮಾಸ್ತರೇ, ಗೆಜೆಟ್ ಅರ್ಜಿಗೆ ಏನೇನು ಬೇಕು ಅಂತ ಸ್ವಲ್ಪ ಬಿಡಿಸಿ ಹೇಳ್ತೀರಾ? ನೋಟರಿ ಹತ್ತಿರ ನಾಳೆ ಹೋಗ್ತಾ ಇದ್ದೇನೆ.

ನಿವೃತ್ತ ಗುಮಾಸ್ತ

ನಾಳೆ ಹೋಗಬೇಡಿ. ಮೊದಲು ಇವತ್ತು ರಾತ್ರಿ ಒಂದು ಬಿಳಿ ಹಾಳೆ ತೆಗೆದುಕೊಂಡು ಹೊಸ ಹೆಸರನ್ನು ಇಂಗ್ಲಿಷಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿರಿ. ಎಷ್ಟು ಅಕ್ಷರ, ಎಲ್ಲಿ ಖಾಲಿ ಜಾಗ, ಕೊನೆಯಲ್ಲಿ "ಎ" ಇದೆಯೋ ಇಲ್ಲವೋ, ಎಲ್ಲ ತೀರ್ಮಾನ ಮಾಡಿ. ಪ್ರದೀಪನೋ, ಪ್ರದೀಪೋ? "ದೀ"ಗೆ ಎರಡು "ಇ"ಯೋ, ಒಂದು "ಐ"ಯೋ? ಅಪ್ಪನ ಹೆಸರಿನ ಸ್ಪೆಲಿಂಗ್ ಅವರ ಆಧಾರ್‌ನಲ್ಲಿ ಇರುವ ಹಾಗೇ ಇರಲಿ. ಮನೆಯವರಿಗೆ ತೋರಿಸಿ. ಆ ಹಾಳೆಯನ್ನು ಮೊಬೈಲಿನಲ್ಲಿ ಫೋಟೋ ತೆಗೆದು ಇಟ್ಟುಕೊಳ್ಳಿ. ಇನ್ನು ಮುಂದೆ ಯಾರು ಸ್ಪೆಲಿಂಗ್ ಕೇಳಿದರೂ ಬಾಯಲ್ಲಿ ಹೇಳಬೇಡಿ, ಫೋಟೋ ತೋರಿಸಿ. ಬಾಯಲ್ಲಿ ಹೇಳಿ ಕೆಟ್ಟ ಅರ್ಜಿಗಳನ್ನು ಎಷ್ಟು ನೋಡಿದ್ದೀನೋ ಲೆಕ್ಕವಿಲ್ಲ.

ಇನ್ನು ಅರ್ಜಿಯ ಜೊತೆ: ಹೆಸರು ಬದಲಾವಣೆಯ ಘೋಷಣಾ ಪತ್ರ, ಪತ್ರಿಕೆಯ ಮೂಲ ಪ್ರತಿ, ಇಲಾಖೆಯ ನಮೂನೆಯಲ್ಲಿ ಟೈಪ್ ಮಾಡಿದ ಪ್ರಕಟಣೆ, ಇಬ್ಬರು ಸಾಕ್ಷಿಗಳ ಸಹಿ, ನಿಮ್ಮದೇ ಸಹಿ ಹಾಕಿದ ಎರಡು ಫೋಟೋ, ಗುರುತಿನ ಚೀಟಿಯ ಪ್ರತಿ, ಶುಲ್ಕ. ಪ್ರಕಟಣೆಯ ಸಾಫ್ಟ್ ಕಾಪಿಯೂ ಬೇಕು, ಕಾಗದದಲ್ಲಿ ಇರೋದು ಮತ್ತು ಅದರಲ್ಲಿ ಇರೋದು ಒಂದೇ ಅಂತ ದೃಢೀಕರಿಸಿದ ಪತ್ರವೂ ಬೇಕು. ನಮ್ಮ ಕಾಲದಲ್ಲಿ ಸಿಡಿಯಲ್ಲಿ ಕೊಡಬೇಕಿತ್ತು. ಸಿಡಿ ಬರೆದುಕೊಡುವ ಅಂಗಡಿ ಹುಡುಕೋದೇ ಅರ್ಜಿಗಿಂತ ದೊಡ್ಡ ಕೆಲಸವಾಗಿತ್ತು. ಈಗಿನ ಪಟ್ಟಿಯನ್ನು ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿಕೊಂಡೇ ಕಳಿಸಿ.

ಜನ ಎಡವೋದು ಒಂದೇ ಕಡೆ. ನಮೂನೆಯ ಕೆಳಗೆ ಸಹಿ ಹಳೇ ಹೆಸರಿನಲ್ಲಿ ಮಾಡಬೇಕು. ಹೊಸ ಹೆಸರಿನ ಖುಷಿಯಲ್ಲಿ ಹೊಸ ಸಹಿ ಎಳೆದು ಕಳಿಸುತ್ತಾರೆ, ವಾಪಸ್ ಬರುತ್ತೆ. ಗೆಜೆಟ್‌ನಲ್ಲಿ ಪ್ರಕಟವಾಗುವವರೆಗೆ ನೀವು ಪುಟ್ಟನೇ.

ಸರ್ಕಾರಿ ನೌಕರರಾದರೆ ಇದರ ಜೊತೆ ಇಲಾಖೆಯ ದಾರಿಯೂ ಇದೆ. ಇವರಿಗೆ ಅದು ಬೇಡ.

ಸುಮ್ನೆ ಕೇಳ್ದೆ

ಒಂದು ಅನುಮಾನ. ಹೆಸರು ಬದಲಾಯಿಸಿಕೊಂಡು ಸಾಲಗಾರರಿಂದ ತಪ್ಪಿಸಿಕೊಳ್ಳಬಹುದಾ? ನನಗಲ್ಲ, ಸುಮ್ನೆ ಕೇಳ್ದೆ.

ಕರಿಕೋಟು

ಆಗಲ್ಲ. ಪತ್ರಿಕೆಯಲ್ಲಿ ಹಾಕಿಸೋದೇ ನಾಲ್ಕು ಜನಕ್ಕೆ ಗೊತ್ತಾಗಲಿ, ತಕರಾರು ಇದ್ದವರು ಹೇಳಲಿ ಅಂತ. ಪಾನ್ ನಂಬರ್ ಅದೇ, ಆಧಾರ್ ನಂಬರ್ ಅದೇ, ಸಾಲವೂ ಅದೇ. ಗೆಜೆಟ್ ಪ್ರಕಟಣೆಯಲ್ಲೇ "ಈ ಸಂಬಂಧ ಬೇರೆ ಎಲ್ಲ ಕಾನೂನು ಅಗತ್ಯಗಳನ್ನು ಪೂರೈಸಿದ್ದೇನೆ" ಅಂತ ನೀವೇ ದೃಢೀಕರಿಸುವ ಸಾಲು ಇರುತ್ತೆ. ಸುಳ್ಳಾದರೆ ಜವಾಬ್ದಾರಿ ನಿಮ್ಮದು, ಅಚ್ಚು ಮಾಡಿದ ಸರ್ಕಾರದ್ದಲ್ಲ. ಹಾಗೇ ಜಾತಿಯೂ ಬದಲಾಗಲ್ಲ. ಹೆಸರಿನ ಕೊನೆಗೆ ಏನೇ ಸೇರಿಸಿಕೊಂಡರೂ ಜಾತಿ ಪ್ರಮಾಣಪತ್ರದ ಲೆಕ್ಕವೇ ಬೇರೆ.

ಎಚ್ ಇಲ್ಲದ ಗೀತಾ

ನಮ್ಮ ಜಮೀನಿನ ಪಹಣಿಯಲ್ಲಿ ಅಪ್ಪನ ಹೆಸರು ಒಂದು ಥರ, ಆಧಾರ್‌ನಲ್ಲಿ ಒಂದು ಥರ. "ಇಬ್ಬರೂ ಒಬ್ಬರೇ" ಅಂತ ಅಫಿಡವಿಟ್ ಮಾಡಿಸಿ ಅಂದರು. ಮಾಡಿಸಿದೆವು. ಟೈಪ್ ಮಾಡಿದವನು ಆ ಅಫಿಡವಿಟ್‌ನಲ್ಲಿ ಮೂರನೇ ಸ್ಪೆಲಿಂಗ್ ಹಾಕಿದ್ದಾನೆ. ಈಗ ಮೂವರು ಅಪ್ಪಂದಿರು.

ನಿವೃತ್ತ ಗುಮಾಸ್ತ

😀 ಅದಕ್ಕೇ ಹೇಳಿದ್ದು, ಹಾಳೆಯಲ್ಲಿ ಬರೆದು ತೋರಿಸಿ ಅಂತ.

ಪುಟ್ಟ ಎಂ. (ಎರಡು ತಿಂಗಳ ನಂತರ)

ಏನಾಯ್ತು ಅಂತ ಅಪ್‌ಡೇಟ್ ಕೊಡ್ತಾ ಇದ್ದೀನಿ. ಅರ್ಧ ಖುಷಿ, ಅರ್ಧ ಪೇಚು.

ಅಫಿಡವಿಟ್ ಸಲೀಸಾಗಿ ಆಯಿತು. ಟೈಪಿಸ್ಟ್ ಸ್ಪೆಲಿಂಗ್ ಕೇಳಿದ, ಫೋಟೋ ತೋರಿಸಿದೆ. ಅವನು ಫೋಟೋ ದೊಡ್ಡದು ಮಾಡಿ, ಒಂದೊಂದೇ ಅಕ್ಷರಕ್ಕೆ ಬೆರಳಿಟ್ಟು ಟೈಪ್ ಮಾಡಿದ. ಕಾರಣ ಏನು ಬರೆಯಲಿ ಅಂದ. ಅಜ್ಜನ ಕಥೆ ಹೇಳಿದೆ. ಪೂರ್ತಿ ಕೇಳಿ "ವೈಯಕ್ತಿಕ ಕಾರಣ ಅಂತ ಹಾಕ್ತೀನಿ ಸರ್" ಅಂದ.

ಜಾಹೀರಾತಿನಲ್ಲಿ ಎಡವಿದೆ. ಇಂಗ್ಲಿಷ್ ಪತ್ರಿಕೆಗೆ ಫೋನಿನಲ್ಲೇ ಬುಕ್ ಮಾಡಿದೆ. ಸ್ಪೆಲಿಂಗ್ ಬಾಯಲ್ಲೇ ಹೇಳಿದೆ. ಹೌದು ಗುಮಾಸ್ತರೇ, ಗೊತ್ತು, ಬೈಬೇಡಿ. ಬೆಳಿಗ್ಗೆ ಪತ್ರಿಕೆ ತೆಗೆದು ನೋಡಿದರೆ ನನ್ನ ಹೆಸರಿನ ಮೊದಲ "ಪಿ" ಜಾಗದಲ್ಲಿ "ಬಿ". ಬ್ರದೀಪ! ಕನ್ನಡ ಪತ್ರಿಕೆಯಲ್ಲಿ ಸರಿ ಇತ್ತು. ಇಷ್ಟಕ್ಕೇನಾಗುತ್ತೆ ಅಂತ ಎರಡೂ ಸೇರಿಸಿ ಕಳಿಸಿಬಿಡೋಣ ಅನ್ನಿಸಿತ್ತು. ಹೆಂಡತಿ ಬೇಡ ಅಂದಳು. ಮತ್ತೆ ಹಣ ಕಟ್ಟಿ, ಈ ಸಲ ಇಮೇಲ್‌ನಲ್ಲಿ ಬರೆದು ಕಳಿಸಿ, ಅಚ್ಚಾಗುವ ಮುಂಚೆ ಪ್ರೂಫ್ ತರಿಸಿಕೊಂಡು ಹಾಕಿಸಿದೆ. ಹತ್ತು ದಿನ ಹೋಯಿತು.

ಈಗ ಅರ್ಜಿ ದೆಹಲಿಗೆ ಹೋಗಿದೆ. ಕೆಳಗೆ ಪುಟ್ಟ ಅಂತಲೇ ಸಹಿ ಮಾಡಿದ್ದೇನೆ.

ದೂರದೂರು

ಎರಡು ಪತ್ರಿಕೆಯಲ್ಲಿ ಹಾಕಿಸಿದ್ದು ಒಳ್ಳೇದಾಯ್ತು. ಪಾಸ್‌ಪೋರ್ಟ್‌ಗೆ ಹೋದಾಗ ಎರಡು ದಿನಪತ್ರಿಕೆಯ ಪ್ರತಿ ಕೇಳುತ್ತಾರೆ, ಒಂದು ನೀವಿರುವ ಪ್ರದೇಶದ್ದಾಗಿರಬೇಕು. ಇಡೀ ಪುಟ ಇಟ್ಟುಕೊಳ್ಳಿ. ಜಾಹೀರಾತು ಮಾತ್ರ ಕತ್ತರಿಸಿದರೆ ಪತ್ರಿಕೆ ಹೆಸರು, ತಾರೀಕು ಹೋಗಿಬಿಡುತ್ತೆ.

ಮಗುವಿನಮ್ಮ

ನಮ್ಮದು ಆಯಿತು! ತೀರ್ಪಿನ ಪ್ರತಿ ಕೊಟ್ಟ ಮೇಲೆ ಅಫಿಡವಿಟ್ ತೆಗೆದುಕೊಂಡರು. ಹಳೇ ಹೆಸರಿನ ಬಗ್ಗೆ ಷರಾ ಇದೆ, ಇರಲಿ. ಕರಿಕೋಟು ಸರ್‌ಗೆ ದೊಡ್ಡ ಥ್ಯಾಂಕ್ಸ್.

ಹೊಸಬೆಳಕು

ಇಷ್ಟು ದಿನ ಓದುತ್ತಿದ್ದೆ, ಬರೆದಿರಲಿಲ್ಲ. ನಾನು ಟ್ರಾನ್ಸ್ ಮಹಿಳೆ. ನನಗೂ ಮೊದಲು ಗೆಜೆಟ್ ಅಂತಲೇ ಹೇಳಿದ್ದರು. ಆದರೆ 2019ರ ಕಾಯ್ದೆಯಡಿ ಜಿಲ್ಲಾಧಿಕಾರಿ ಕೊಡುವ ಪ್ರಮಾಣಪತ್ರ ಇತ್ತು. ಅದು ಇದ್ದವರು ಜನನ ಪ್ರಮಾಣಪತ್ರ ಸೇರಿ ಎಲ್ಲ ದಾಖಲೆಗಳಲ್ಲಿ ಮೊದಲ ಹೆಸರು ಬದಲಾಯಿಸಿಕೊಳ್ಳಲು ಅರ್ಹರು ಅಂತ 7ನೇ ಕಲಂನಲ್ಲಿ ಇದೆ. ಆ ಕಲಂ ಪ್ರಿಂಟ್ ತೆಗೆದು ಪರ್ಸಿನಲ್ಲಿ ಇಟ್ಟುಕೊಂಡಿದ್ದೆ. ಮೂರು ಕಡೆ ತೆಗೆದು ತೋರಿಸಬೇಕಾಯಿತು. ನನ್ನಂಥವರು ಯಾರಾದರೂ ಓದುತ್ತಿದ್ದರೆ ಗೊತ್ತಿರಲಿ ಅಂತ.

ಕರಿಕೋಟು

ಇದನ್ನು ನಾನೇ ಬರೆಯಬೇಕಿತ್ತು, ಬಿಟ್ಟುಹೋಯಿತು. ಬರೆದಿದ್ದಕ್ಕೆ ಥ್ಯಾಂಕ್ಸ್.

ಪುಟ್ಟ ಎಂ. (ಮತ್ತೆ ಕೆಲವು ವಾರಗಳ ನಂತರ)

ಬಂತು! ಇ-ಗೆಜೆಟ್ ಸೈಟಿನಲ್ಲಿ ಪಿಡಿಎಫ್. ಆ ವಾರದ ಸಂಚಿಕೆಯಲ್ಲಿ ಪುಟಗಟ್ಟಲೆ ಹೆಸರುಗಳು. ನನ್ನದು ಹುಡುಕಲು ಹತ್ತು ನಿಮಿಷ ಬೇಕಾಯಿತು. ಇಲ್ಲಿಯವರೆಗೆ ಇಂಥವನು, ಇಂಥವರ ಮಗ, ಇಂಥ ವಿಳಾಸ, ಹೆಸರು ಬದಲಾಯಿಸಿಕೊಂಡಿದ್ದೇನೆ, ಇನ್ನು ಮುಂದೆ ಇಂಥವನು. ಇಷ್ಟೇ. ನನ್ನ ಮೇಲೆ ಒಬ್ಬರು ಹೆಸರಿನಲ್ಲಿ ಒಂದು "ಎ" ಸೇರಿಸಿಕೊಂಡಿದ್ದಾರೆ. ಒಂದು ಅಕ್ಷರಕ್ಕೆ ನನ್ನಷ್ಟೇ ಅಲೆದಿದ್ದಾರಲ್ಲ ಅನ್ನಿಸಿತು.

ಆಮೇಲೆ ಮಾಡಿದ್ದು ಹೀಗೆ. ಮೊದಲು ಆಧಾರ್. ಗೆಜೆಟ್ ಪ್ರತಿಯ ಜೊತೆ ಹಳೇ ಹೆಸರಿನ ಫೋಟೋ ಇರುವ ಗುರುತಿನ ಚೀಟಿ ಕೇಳಿದರು. ಇದು ಮುಖ್ಯ. ನಾನು ಅವಸರಕ್ಕೆ ಮೊದಲೇ ಪಾನ್ ಬದಲಾಯಿಸಿದ್ದರೆ ಹಳೇ ಹೆಸರಿನ ಪಾನ್ ತೋರಿಸಲು ಇರುತ್ತಿರಲಿಲ್ಲ. ಆಧಾರ್ ಬಂದ ಮೇಲೆ ಪಾನ್ ತಿದ್ದುಪಡಿ ಅರ್ಜಿ. ನಂಬರ್ ಬದಲಾಗಲ್ಲ, ಕಾರ್ಡ್ ಮಾತ್ರ ಹೊಸದು. ಆಮೇಲೆ ಬ್ಯಾಂಕಿನ ಕೆವೈಸಿ. ಮತದಾರರ ಚೀಟಿಗೆ ಫಾರಂ 8. ಪಿಎಫ್‌ಗೆ ಕಂಪನಿ ಜೊತೆ ಜಂಟಿ ಘೋಷಣೆ ಕೊಟ್ಟಿದ್ದೇನೆ, ಅದಿನ್ನೂ ನಡೀತಾ ಇದೆ. ಅಂಕಪಟ್ಟಿ, ಡಿಗ್ರಿ ಮುಟ್ಟಿಲ್ಲ. ಅದರ ಪ್ಲಾಸ್ಟಿಕ್ ಕವರಿನೊಳಗೇ ಗೆಜೆಟ್ ಪುಟ ಸೇರಿಸಿಟ್ಟಿದ್ದೇನೆ. ಪಾಸ್‌ಪೋರ್ಟ್ ಇರಲಿಲ್ಲ, ಈಗ ಹೊಸ ಹೆಸರಿನಲ್ಲೇ ಹಾಕುತ್ತೇನೆ.

ನಿವೃತ್ತ ಗುಮಾಸ್ತ

ಶಹಬ್ಬಾಸ್ ಪ್ರದೀಪ್ ಅವರೇ. ಪಾಸ್‌ಪೋರ್ಟ್ ಅರ್ಜಿಯಲ್ಲಿ "ಬೇರೆ ಹೆಸರಿನಿಂದ ಪರಿಚಿತರೇ" ಅನ್ನೋ ಥರದ ಪ್ರಶ್ನೆ ಬರುತ್ತೆ. ಅಲ್ಲಿ ಹಳೇ ಹೆಸರು ತಪ್ಪದೆ ಬರೆಯಿರಿ. ಮುಚ್ಚಿಡೋಕೆ ಹೋದವರೇ ಸಿಕ್ಕಿಹಾಕಿಕೊಳ್ಳೋದು. ಮತ್ತೆ ಆ ಪಿಡಿಎಫ್ ಬರೀ ಫೋನಿನಲ್ಲಿ ಇಡಬೇಡಿ, ಇಮೇಲ್‌ನಲ್ಲೂ ಒಂದು ಪ್ರತಿ ಇರಲಿ. ಇಪ್ಪತ್ತು ವರ್ಷ ಆದ ಮೇಲೂ ಯಾರೋ ಒಬ್ಬರು "ಈ ಪುಟ್ಟ ಯಾರು?" ಅಂತ ಕೇಳೇ ಕೇಳುತ್ತಾರೆ.

ಸುಮ್ನೆ ಕೇಳ್ದೆ

ಸೋದರಮಾವ ಪಿಎಫ್ ಹಣ ತೆಗೆಯೋಕೆ ಹೋಗಿದ್ದರು. ಹೆಸರು ಹೊಂದುತ್ತಿಲ್ಲ ಅಂತ ಅರ್ಜಿ ವಾಪಸ್ ಬಂದಿದೆ. ನಾನು ಮೊದಲು ಬರೆದದ್ದನ್ನು ಹಿಂದಕ್ಕೆ ತಗೋತೀನಿ. ಅವರದು ತಿದ್ದುಪಡಿಯೋ ಬದಲಾವಣೆಯೋ, ಯಾರಾದರೂ ಹೇಳಿ.

ಕರಿಕೋಟು

ಶಾಲೆಯ ದಾಖಲಾತಿಯಲ್ಲಿ ಏನಿದೆ ಅಂತ ನೋಡಿ ಹೊಸ ಪ್ರಶ್ನೆಯಾಗಿ ಹಾಕಿ. ಉತ್ತರಿಸುತ್ತೇನೆ.

ಎಚ್ ಇಲ್ಲದ ಗೀತಾ

ಪ್ರದೀಪ್, ಒಂದು ಕುತೂಹಲ. ಸಹಿಯನ್ನೂ ಬದಲಾಯಿಸಿದ್ರಾ?

ಪುಟ್ಟ ಎಂ.

ಒಂದು ವಾರ ಹೊಸ ಸಹಿ ಅಭ್ಯಾಸ ಮಾಡಿದೆ, ಮಗನ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ. ಒಂದು ಸಲ ಬಂದ ಹಾಗೆ ಇನ್ನೊಂದು ಸಲ ಬರಲಿಲ್ಲ. ಬ್ಯಾಂಕಿನಲ್ಲಿ ಕೇಳಿದೆ. ಸಹಿಯಲ್ಲಿ ಹೆಸರು ಓದಲು ಬರಬೇಕು ಅಂತೇನಿಲ್ಲ, ನಮ್ಮಲ್ಲಿ ಇರುವ ಮಾದರಿಗೆ ಹೊಂದಿದರೆ ಆಯ್ತು ಅಂದರು. ಹಾಗಾಗಿ ಚೆಕ್ಕಿನ ಮೇಲೆ ಈಗಲೂ "ಪು" ಅಂತ ಒಂದು ಸುತ್ತು, ಅದರ ಕೆಳಗೆ ಒಂದು ಗೆರೆ. ಇಲ್ಲಿನ ಹೆಸರು ಬದಲಾಯಿಸಲು ಅಡ್ಮಿನ್‌ಗೆ ಬರೆದಿದ್ದೇನೆ. ಅವರು ಗೆಜೆಟ್ ಕೇಳಿಲ್ಲ.